ಗೋಳಗುಮ್ಮಟದಲ್ಲಿ ಕಲಿತ ಪಾಠ

ಪ್ರವಾಸದ ಫಲವು ನೋಡಿದ ಊರುಗಳ ಎಣಿಕೆಯಲ್ಲಿಲ್ಲ. ಹೊರಟವರೆಲ್ಲರೂ ಹಸನ್ಮುಖರಾಗಿ ಮನೆಗೆ ಮರಳುವದರಲ್ಲಿದೆ. ಅನೇಕ ವರ್ಷ ಪಾಠ ಹೇಳಿದ ನಾನು ಈ ಪಾಠವನ್ನು ಕಲಿತದ್ದು ಆರು ವರ್ಷದ ಮೊಮ್ಮಗಳಿಂದ.

ನಮ್ಮ ಝಳಕಿಯು ಸೊಲ್ಲಾಪುರ–ವಿಜಯಪುರ ಹೆದ್ದಾರಿಯ ಮೇಲಿದೆ. ದಸರೆಯ ರಜೆಯಲ್ಲಿ ವಿಜಯಪುರ, ಬಸವನ ಬಾಗೇವಾಡಿ, ಆಲಮಟ್ಟಿ, ಕೂಡಲಸಂಗಮ ಈ ನಾಲ್ಕನ್ನೂ ಒಂದೇ ದಿನದಲ್ಲಿ ಮುಗಿಸಬೇಕೆಂದು ನಾನೇ ಯೋಜನೆ ಹಾಕಿದೆನು. ಮನೆಯಾಕೆ ನಕ್ಕು, “ಇದು ಪ್ರವಾಸಲ್ರೀ, ಓಟದ ಪಂದ್ಯ” ಎಂದಳು. ನಾನು ಕಿವಿಗೊಡಲಿಲ್ಲ.

ಹೊರಡುವದೇ ತಡವಾಗಿ, ಗೋಳಗುಮ್ಮಟವನ್ನು ಮುಟ್ಟಿದಾಗ ಮಧ್ಯಾಹ್ನ. ಮಹಮ್ಮದ ಆದಿಲಶಾಹನ ಈ ಸಮಾಧಿಯು 17ನೆಯ ಶತಮಾನದ್ದು. ಗುಮ್ಮಟದ ಹೊರವ್ಯಾಸವು ಸುಮಾರು 44 ಮೀಟರು. ಮೂಲೆಯ ಗೋಪುರದೊಳಗಿನ ಕಡಿದಾದ ಮೆಟ್ಟಿಲುಗಳನ್ನು ಆತುರದಿಂದ ಏರಿ, ಪಿಸುಮಾತೂ ಕೇಳಿಸುವ ಆ ವರ್ತುಲಾಕಾರದ ಮೊಗಸಾಲೆಯನ್ನು ಹೊಕ್ಕೆವು. ಜನಸಂದಣಿಯಲ್ಲಿ ಮೊಮ್ಮಗಳ ಕೈ ನನ್ನ ಕೈಯಿಂದ ಜಾರಿತು.

ಹೆಸರು ಹಿಡಿದು ಕೂಗಿದೆನು. ನನ್ನ ಧ್ವನಿಯೇ ದಶದಿಕ್ಕುಗಳಿಂದ ಮರಳಿ ಬಂದಿತು. “ಅಜ್ಜಾ!” ಎಂದು ಅವಳು ಓಗೊಟ್ಟಳು, ಅದೂ ಎಲ್ಲ ಕಡೆಯಿಂದಲೇ ಕೇಳಿಸಿತು. ಯಾವ ಚಮತ್ಕಾರವನ್ನು ತೋರಿಸಲು ಅವಳನ್ನು ಕರೆತಂದಿದ್ದೆನೋ ಅದೇ ನನಗೆ ವೈರಿಯಾಯಿತು. ಕಾಲುಗಳು ನಡುಗಿದವು.

ಅರ್ಧ ಸುತ್ತು ನಡೆದಾಗ, ಗೋಡೆಗೆ ಬೆನ್ನು ಹಚ್ಚಿ ಅವಳು ಕುಳಿತಿದ್ದಳು. “ಕೈ ತಪ್ಪಿದ್ರ ಇದ್ದಲ್ಲೇ ಕುಂದ್ರು ಅಂತ ಅಜ್ಜಿ ಹೇಳಿದ್ಲು” ಎಂದಳು. ವರ್ತುಲದಲ್ಲಿ ಇಬ್ಬರೂ ನಡೆದರೆ ಒಬ್ಬರ ಹಿಂದೊಬ್ಬರು ಸುತ್ತುತ್ತಲೇ ಇರಬಹುದು. ಒಬ್ಬರು ನಿಂತರೆ ಒಂದು ಸುತ್ತು ಸಾಕು. ಗಣಿತ ಕಲಿಸಿದ ನನಗೆ ಹೊಳೆಯದ್ದು ಅಜ್ಜಿಗೆ ಹೊಳೆದಿತ್ತು.

ಉಳಿದ ಮೂರು ಊರುಗಳನ್ನು ಅಂದೇ ಕೈಬಿಟ್ಟೆವು. ಕೆಳಗಿಳಿದು ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ, ರೊಟ್ಟಿ, ಶೇಂಗಾ ಹಿಂಡಿ, ಮೊಸರು ಉಂಡು, ಕತ್ತಲಾಗುವ ಮುನ್ನ ಮನೆ ಸೇರಿದೆವು.

ಆದುದರಿಂದ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟು: ದಿನಕ್ಕೊಂದೇ ಸ್ಥಳ ಸಾಕು. ಬಿಸಿಲೇರುವ ಮೊದಲೇ ಹೊರಡಿರಿ, ನೀರು ಧಾರಾಳವಾಗಿರಲಿ. ಮಕ್ಕಳ ಕಿಸೆಯಲ್ಲಿ ಹಿರಿಯರ ದೂರವಾಣಿ ಸಂಖ್ಯೆಯ ಚೀಟಿಯಿರಲಿ. ಕೈತಪ್ಪಿದರೆ ಏನು ಮಾಡಬೇಕೆಂಬುದನ್ನು ಮನೆಯಲ್ಲಿಯೇ ಹೇಳಿಕೊಡಿರಿ. ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬ ಹಿರಿಯರನ್ನು ಹೊಣೆ ಮಾಡಿರಿ.

ಬರುವ ರಜೆಗೆ, ಕೃಷ್ಣೆ–ಮಲಪ್ರಭೆಯರು ಕೂಡುವ ಕೂಡಲಸಂಗಮವೊಂದನ್ನೇ ನಿಶ್ಚಯಿಸಿದ್ದೇವೆ. ಅಲ್ಲಿ ನೀರಿನ ಆಳ ಕಣ್ಣಿಗೆ ತಿಳಿಯದು. ಮಕ್ಕಳ ಕೈ ಬಿಡಲಾಗದು. ಈ ಸಲದ ಯೋಜನೆಯು ಅಜ್ಜಿಯದು. ನಾನು ಬುತ್ತಿಯ ಗಂಟು ಹೊರುವವನು ಮಾತ್ರ.