ಪೀಪಾಯಿಯೊಳಗಿನ ಮೆಂತ್ಯದ ಘಮ

ಬಿಳಿ ವೈನ್ ಎಳೆಯದಾಗಿರುವಾಗಲೇ, ತಣ್ಣಗಿರುವಾಗಲೇ ಕುಡಿದು ಮುಗಿಸಬೇಕಾದ ಪಾನೀಯವೆಂಬ ನಂಬಿಕೆ ವ್ಯಾಪಕವಾಗಿದ್ದು, ಬಹುಪಾಲು ಬಿಳಿ ವೈನ್‌ಗಳ ಮಟ್ಟಿಗೆ ಅದು ತಪ್ಪೂ ಅಲ್ಲ. ಆದರೆ ಫ್ರಾನ್ಸಿನ ಪೂರ್ವದಂಚಿನ ಜೂರಾ ಬೆಟ್ಟಸೀಮೆಯಲ್ಲಿ ಸವಾನ್ಯಾಂ ಎಂಬ ಒಂದೇ ತಳಿಯ ಬಿಳಿ ದ್ರಾಕ್ಷಿಯಿಂದ ತಯಾರಾಗುವ ವ್ಯಾಂ ಜೋನ್, ಅಂದರೆ ಹಳದಿ ವೈನ್, ಈ ನಂಬಿಕೆಗೆ ಸೊಪ್ಪು ಹಾಕುವುದಿಲ್ಲ.

ಪೀಪಾಯಿಯನ್ನು ಸದಾ ಕಂಠಮಟ್ಟ ತುಂಬಿಡಬೇಕೆಂಬುದು ವೈನ್ ತಯಾರಿಕೆಯ ಮೊದಲ ಪಾಠ. ಓಕ್ ಮರದ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಹೋದಷ್ಟನ್ನು ಆಗಾಗ ತುಂಬದಿದ್ದರೆ, ತೆರವಾದ ಜಾಗದ ಗಾಳಿ ತಾಗಿ ವೈನ್ ವಿನಿಗರ್ ಆಗುತ್ತದೆ. ಜೂರಾದವರು ಬೇಕೆಂದೇ ಈ ಪಾಠವನ್ನು ಮೀರುತ್ತಾರೆ. ತುಂಬದೆ ಬಿಟ್ಟ ಪೀಪಾಯಿಯಲ್ಲಿ ಯೀಸ್ಟ್ ತೆಳುವಾದ ಪೊರೆಯಾಗಿ ವೈನಿನ ಮೇಲೆ ಹರಡಿಕೊಳ್ಳುತ್ತದೆ. ಅಲ್ಲಿಯವರು ಮುಸುಕು ಎಂದು ಕರೆಯುವ ಈ ಪೊರೆ ಆಮ್ಲಜನಕವನ್ನು ತಾನೇ ಬಳಸಿಕೊಂಡು ವೈನನ್ನು ಕಾಯುತ್ತದೆ, ಜೊತೆಗೆ ಆಲ್ಕೋಹಾಲಿನ ಒಂದಂಶವನ್ನು ಅಸಿಟಾಲ್ಡಿಹೈಡ್ ಎಂಬ ಘಾಟಿನ ಸಂಯುಕ್ತವಾಗಿ ಮಾರ್ಪಡಿಸುತ್ತದೆ. ಕೊಯ್ಲಿನ ನಂತರದ ಆರನೆಯ ವರ್ಷದ ಡಿಸೆಂಬರ್ 15ರವರೆಗೆ ವೈನನ್ನು ಮಾಗಿಸಬೇಕು, ಅದರಲ್ಲಿ ಕನಿಷ್ಠ 60 ತಿಂಗಳು ಅದು ಮುಸುಕಿನಡಿಯಲ್ಲಿರಬೇಕು ಎಂಬುದು ನಿಯಮ. ಎಲ್ಲ ಪೀಪಾಯಿಗಳೂ ಈ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ. ಗೆದ್ದದ್ದರಲ್ಲಿಯೂ ಲೀಟರಿಗೆ 62 ಸೆಂಟಿಲೀಟರಿನಷ್ಟೇ ಉಳಿಯುತ್ತದೆಂಬ ಲೆಕ್ಕದಿಂದ, ಕ್ಲಾವ್ಲ್ಯಾಂ ಎಂಬ ಗಿಡ್ಡ ಸೀಸೆಗೆ ಅಷ್ಟೇ ಅಳತೆಯನ್ನು ಗೊತ್ತುಪಡಿಸಲಾಗಿದೆ. ಆವಿಯಾಗಿ ಹೋದುದರ ಬೆಲೆಯನ್ನೂ ಕೊಳ್ಳುವವನೇ ತೆರುತ್ತಾನೆಂಬುದು ಬೇರೆ ಮಾತು.

ವರ್ಷಗಳು ಕಳೆದಂತೆ ಈ ವೈನಿನಲ್ಲಿ ಸೊಟೊಲಾನ್ ಎಂಬ ಇನ್ನೊಂದು ಸಂಯುಕ್ತ ಕೂಡಿಬರುತ್ತದೆ. ಮೆಂತ್ಯದ ಕಾಳಿಗೆ ಅದರದೇ ಆದ ಘಮವನ್ನು ಕೊಡುವುದೂ ಇದೇ. ಈ ಪ್ರಬಂಧದ ಲೇಖಕ ಬೆಳೆದದ್ದು ವೈನ್ ಹೊಸ್ತಿಲು ದಾಟಿ ಬಾರದ, ಆದರೆ ಹುಳಿಪುಡಿಗೆಂದು ಮೆಂತ್ಯ ಹುರಿಯುವುದು ತಪ್ಪದ ಮನೆಯಲ್ಲಿ. ನಡುವಯಸ್ಸಿನಲ್ಲಿ ಮೊದಲ ಸಲ ವ್ಯಾಂ ಜೋನಿನ ಲೋಟವನ್ನು ಮೂಗಿಗೆ ಹಿಡಿದಾಗ, ಪಕ್ಕದಲ್ಲಿದ್ದ ಬಲ್ಲವರು ಅಕ್ರೋಟು, ಒಣಗಿದ ಸೇಬು ಎಂದು ಗಂಭೀರವಾಗಿ ಪಟ್ಟಿ ಮಾಡುತ್ತಿದ್ದರೆ, ಅವನಿಗೆ ನೆನಪಾದದ್ದು ತಾಯಿಯ ಬಾಣಲೆ. ಆಗ ಸಂಕೋಚದಿಂದ ಬಾಯಿ ಮುಚ್ಚಿಕೊಂಡವನಿಗೆ ರಸಾಯನಶಾಸ್ತ್ರದ ಬೆಂಬಲವಿದೆಯೆಂದು ತಿಳಿದದ್ದು ತಡವಾಗಿ. ವೈನಿನ ರುಚಿ ತಿಳಿಯಲು ಯುರೋಪಿನ ಹಣ್ಣುಹಂಪಲುಗಳ ಹೆಸರನ್ನು ಉರುಹೊಡೆಯಬೇಕಾಗಿಲ್ಲವೆಂಬ ಧೈರ್ಯ ಬಂದದ್ದೂ ಅನಂತರವೇ. ಜೂರಾದವರು ಈ ವೈನನ್ನು ತಮ್ಮ ಕೋಂತೆ ಗಿಣ್ಣಿನೊಂದಿಗೆ ಸವಿಯುತ್ತಾರೆ. ಮೆಂತ್ಯದ ದೋಸೆಯೂ ಅದಕ್ಕೆ ಒಪ್ಪುತ್ತದೆಂಬುದು ಲೇಖಕನ ಅಭಿಪ್ರಾಯವಾಗಿದ್ದು, ಅದನ್ನು ಅನುಮೋದಿಸುವ ಫ್ರೆಂಚರು ಅವನಿಗೆ ಇನ್ನೂ ಸಿಕ್ಕಿಲ್ಲ.

ಗಾಳಿಯೊಡನೆ ಮೊದಲೇ ಪಳಗಿದ ವೈನಾದ್ದರಿಂದ ಸೀಸೆಯಲ್ಲಿ ಇದರ ಆಯುಷ್ಯ ದೊಡ್ಡದು. ಈ ಸೀಮೆಯ ಆರ್ಬ್ವಾ ಪಟ್ಟಣದಲ್ಲಿ ಬೆಳೆದ ಲೂಯಿ ಪಾಶ್ಚರ್ 1866ರಲ್ಲಿ ವೈನಿನ ಕುರಿತ ತನ್ನ ಅಧ್ಯಯನವನ್ನು ಪ್ರಕಟಿಸಿ, ಅದು ಕೆಡಲು ಸೂಕ್ಷ್ಮಜೀವಿಗಳು ಕಾರಣವೆಂದೂ ಮಾಗಲು ಆಮ್ಲಜನಕ ನೆರವಾಗುತ್ತದೆಂದೂ ವಿವರಿಸುವುದಕ್ಕೆ ಬಹಳ ಹಿಂದೆಯೇ, 1774ರಲ್ಲಿ, ಅಲ್ಲಿ ತಯಾರಾದ ವ್ಯಾಂ ಜೋನಿನ ಕೆಲವು ಸೀಸೆಗಳು ಇಂದಿನವರೆಗೂ ಉಳಿದುಬಂದಿವೆ. 1994ರಲ್ಲಿ ಅವುಗಳಲ್ಲೊಂದನ್ನು ತೆರೆದು ರುಚಿ ನೋಡಿದ 24 ಮಂದಿ ಪರಿಣತರು ಹತ್ತಕ್ಕೆ 9.4 ಅಂಕ ನೀಡಿದರು. 2018ರ ಹರಾಜಿನಲ್ಲಿ ಇನ್ನೊಂದು 1,03,700 ಯೂರೋಗಳಿಗೆ ಮಾರಾಟವಾಯಿತು.

ಇಷ್ಟಾದರೂ ಕಾಲವೊಂದೇ ಈ ಗುಣವನ್ನು ತರುವುದಿಲ್ಲ. ತಯಾರಕರ ನಿಷ್ಠುರತೆಯೂ ಬೇಕು. ವ್ಯಾಂ ಜೋನ್‌ಗಳಲ್ಲೇ ಮೇಲಾದುದೆಂದು ಹೆಸರಾದ ಶಾಟೊ ಶಾಲೋಂ ಹಳ್ಳಿಯಲ್ಲಿ ಕೊಯ್ಲಿಗೆ ಮುನ್ನ ತೋಟಗಳ ಪರಿಶೀಲನೆ ನಡೆಯುತ್ತದೆ, ಹಣ್ಣು ಮಟ್ಟಕ್ಕೆ ಬಾರದಿದ್ದರೆ ಆ ವರ್ಷ ಊರಿನ ಹೆಸರಿನಲ್ಲಿ ವೈನೇ ಇಲ್ಲ. ಆದ್ದರಿಂದ 1974, 1980, 1984 ಅಥವಾ 2001ರ ಶಾಟೊ ಶಾಲೋಂ ಎಂದು ಯಾರಾದರೂ ಸೀಸೆ ತೋರಿಸಿದರೆ, ಓದುಗರು ದಯವಿಟ್ಟು ಕೊಳ್ಳಬಾರದು. ಆ ವರ್ಷಗಳಲ್ಲಿ ಅದನ್ನು ತಯಾರಿಸಿಯೇ ಇಲ್ಲ.