ಉದಾಹರಣೆ ಓಡಬೇಕು

ಮೊನ್ನೆ ಒಂದು ಫಂಕ್ಷನ್ನನ್ನು, ಖಾಲಿ ಸ್ಟ್ರಿಂಗ್ ಕೊಟ್ಟರೆ ಎರರ್ ಬರುವಂತೆ ತಿದ್ದಿದೆ. ಟೆಸ್ಟ್ ಓಡಿಸಿದರೆ ಒಂದು ಕೆಂಪು ಸಾಲು. ಫೇಲಾದದ್ದು ಟೆಸ್ಟ್ ಫೈಲಲ್ಲ, ಫಂಕ್ಷನ್ನಿನ ನೆತ್ತಿಯ ಮೇಲೆ ಕಮೆಂಟಿನಲ್ಲಿದ್ದ ಉದಾಹರಣೆ. ಖಾಲಿ ಸ್ಟ್ರಿಂಗಿಗೆ ಸೊನ್ನೆ ಬರುತ್ತದೆಂದು ಅದು ಇನ್ನೂ ಹೇಳುತ್ತಿತ್ತು. ಕಮೆಂಟು ಹಳತಾದ ಗಳಿಗೆಯಲ್ಲೇ ಸಿಕ್ಕಿಬಿದ್ದರೆ ನನಗಾಗುವ ಖುಷಿ ಅಷ್ಟಿಷ್ಟಲ್ಲ.

ಕೋಡಿನಿಂದ ಡಾಕ್ಯುಮೆಂಟೇಶನ್ ತೆಗೆಯುವ ಟೂಲ್ ಆರಿಸುವಾಗ ಜನ ಥೀಮ್ ನೋಡುತ್ತಾರೆ, ಸರ್ಚ್ ನೋಡುತ್ತಾರೆ. ಅದು ಉದಾಹರಣೆಗಳನ್ನು ಓಡಿಸುತ್ತದೆಯೇ ಎಂಬುದು ನನ್ನ ಮೊದಲ ಪ್ರಶ್ನೆ. ಪೈಥಾನ್‌ನಲ್ಲಿ 2001ರಿಂದಲೇ ಡಾಕ್‌ಟೆಸ್ಟ್ ಇದೆ. ಆದರೆ ನನ್ನ ಮನಸ್ಸು ಗೆದ್ದದ್ದು ರಸ್ಟ್ ಭಾಷೆಯ ರಸ್ಟ್‌ಡಾಕ್. ಉದಾಹರಣೆಯ ಸಾಲಿನ ಮುಂದೆ ಹ್ಯಾಶ್ ಹಾಕಿ ಜಾಗ ಬಿಟ್ಟರೆ ಆ ಸಾಲು ಕಂಪೈಲ್ ಆಗುತ್ತದೆ, ಪುಟದಲ್ಲಿ ಮಾತ್ರ ಕಾಣುವುದಿಲ್ಲ. ಓದುವವರಿಗೆ ಬೇಕಾದದ್ದಷ್ಟೇ ಉಳಿಯುತ್ತದೆ. ‘ಕಂಪೈಲ್ ಫೇಲ್’ ಗುರುತು ಇನ್ನೂ ಸೊಗಸು. ಹೀಗೆ ಬರೆಯಬಾರದೆಂದು ತೋರಿಸಿದ ಕೋಡು ಎಂದಾದರೂ ಕಂಪೈಲ್ ಆಗಿಬಿಟ್ಟರೆ ಟೆಸ್ಟ್ ಫೇಲಾಗುತ್ತದೆ.

ಸಿ ಪ್ಲಸ್ ಪ್ಲಸ್‌ನವರ ಡಾಕ್ಸಿಜನ್‌ಗೆ ಓಡಿಸಲು ಬಾರದು. ಆದರೂ ದಾರಿಯಿದೆ: ಉದಾಹರಣೆಯನ್ನು ನಿಜವಾದ ಟೆಸ್ಟ್ ಫೈಲಿನಲ್ಲಿ ಬರೆದು, ‘ಸ್ನಿಪೆಟ್’ ಕಮಾಂಡಿನಿಂದ ಆ ತುಣುಕನ್ನಷ್ಟೇ ಪುಟಕ್ಕೆ ಎಳೆದುಕೊಳ್ಳಬಹುದು. ಇಷ್ಟು ಮಾಡುವವರು ವಿರಳ. ಹೆಚ್ಚಿನವರು ‘ಎಕ್ಸ್‌ಟ್ರಾಕ್ಟ್ ಆಲ್’ಗೆ ಎಸ್ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಆಗ ಒಂದಕ್ಷರದ ವಿವರಣೆಯೂ ಇಲ್ಲದ ಫಂಕ್ಷನ್ನಿಗೂ ಪುಟ ಸಿಗುತ್ತದೆ, ವಿವರಣೆಯಿಲ್ಲವೆಂಬ ಎಚ್ಚರಿಕೆಗಳೂ ನಿಂತುಹೋಗುತ್ತವೆ. ‘ಡಾಕ್ಯುಮೆಂಟೇಶನ್ ಆಯ್ತು ಸಾರ್’ ಅನ್ನುತ್ತಾರೆ. ಏನಾಯ್ತು? ವಿವರಣೆ ಇರುವಲ್ಲೂ ಇಷ್ಟೇ: ‘ಗೆಟ್ ಕೌಂಟ್: ಕೌಂಟ್ ಕೊಡುತ್ತದೆ.’ ಯಾವುದರ ಕೌಂಟು? ಫೈಲ್ ತೆರೆಯದಿದ್ದರೆ ಸೊನ್ನೆಯೋ ಮೈನಸ್ ಒಂದೋ? ಎರಡು ಥ್ರೆಡ್ ಒಟ್ಟಿಗೆ ಕರೆದರೆ? ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಆ ಪುಟ ತೆರೆಯುವವನ ಸಮಯಕ್ಕೆ ಬೆಲೆಯೇ ಇಲ್ಲವೇ? ಖಾಲಿ ಪುಟವಾದರೂ ಇದ್ದಿದ್ದರೆ ನೇರ ಕೋಡಿಗೆ ಹೋಗುತ್ತಿದ್ದ. ನನಗೆ ಇದು ಓದುಗನಿಗೆ ಮಾಡುವ ಅವಮಾನವಾಗಿಯೇ ಕಾಣುತ್ತದೆ.

ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್, ಕೋಡಿನಿಂದ ಡಾಕ್ಯುಮೆಂಟೇಶನ್ ತೆಗೆಯುವುದನ್ನೇ ತಿರುವುಮುರುವಾಗಿ ನೋಡಿದವರು. ಅವರ ‘ವೆಬ್’ ಪದ್ಧತಿಯಲ್ಲಿ ಬರೆಯುವುದು ಒಂದೇ ಫೈಲು; ಟ್ಯಾಂಗಲ್ ಅದರಿಂದ ಪ್ಯಾಸ್ಕಲ್ ಕೋಡು ತೆಗೆಯುತ್ತದೆ, ವೀವ್ ಮುದ್ರಣಕ್ಕೆ ಪುಸ್ತಕ ಹೆಣೆಯುತ್ತದೆ. ವಿವರಣೆ ಸಾಗುವುದು ಮನುಷ್ಯನಿಗೆ ಅರ್ಥವಾಗುವ ಕ್ರಮದಲ್ಲಿ. ಅವರ ಟೈಪ್‌ಸೆಟಿಂಗ್ ತಂತ್ರಾಂಶ ‘ಟೆಕ್’ನ ಇಡೀ ಪ್ರೋಗ್ರಾಮು 1986ರಲ್ಲಿ ಹೀಗೆಯೇ ಪುಸ್ತಕವಾಗಿ ಬಂತು. ಅದರ ಸೂಚಿಯನ್ನೂ ವೀವ್ ತಾನೇ ಕಟ್ಟುತ್ತದೆ: ಹೆಸರು ಎಲ್ಲೆಲ್ಲಿ ಬಂದಿದೆಯೋ ಆ ವಿಭಾಗಗಳ ಸಂಖ್ಯೆಗಳು, ಹೆಸರು ಹುಟ್ಟಿದ ವಿಭಾಗದ ಸಂಖ್ಯೆಗೆ ಅಡಿಗೆರೆ. ಪ್ಯಾರಾವನ್ನು ಸಾಲುಗಳಾಗಿ ಮುರಿಯುವ ಭಾಗವನ್ನು ಆ ಸೂಚಿಯ ಬೆನ್ನುಹತ್ತಿ ಓದುತ್ತಿದ್ದೇನೆ. ಒಂದು ಸಾಲು ಹೇಗಿದ್ದರೆ ಎಷ್ಟು ದಂಡ ಎಂಬ ಲೆಕ್ಕದ ಹತ್ತಿರ ಬಂದಿದ್ದೇನೆ.