ಒಂದೇ ವೇಷವೇ?

ಮೆಚ್ಚಿನ ನಟನನ್ನು ಹೊಗಳುವವರೂ ತೆಗಳುವವರೂ ಅನೇಕ ವೇಳೆ ಒಂದೇ ಮಾತನ್ನು ಆಡುವುದುಂಟು: “ಅವರು ಯಾವಾಗಲೂ ಹಾಗೆಯೇ.” ಕನ್ನಡ ನಾಡಿನಲ್ಲಿ ಈ ಮಾತಿಗೆ ಗುರಿಯಾದವರಲ್ಲಿ ಡಾಕ್ಟರ್ ರಾಜ್‌ಕುಮಾರರು ಮುಖ್ಯರು. ಅವರು 2006ರಲ್ಲಿ ಕಾಲವಾದರು. ಅವರನ್ನು ಕುರಿತ ಚರ್ಚೆ ನಮ್ಮ ಮನೆಯಲ್ಲಂತೂ ಇನ್ನೂ ನಿಂತಿಲ್ಲ. “ತಾತ, ನಿಮ್ಮ ರಾಜ್‌ಕುಮಾರ್ ಎಲ್ಲ ಚಿತ್ರಗಳಲ್ಲಿಯೂ ಒಳ್ಳೆಯವರೇ. ಅದರಲ್ಲಿ ನಟನೆ ಎಲ್ಲಿ ಬಂತು?” ಎಂದು ಮೊಮ್ಮಗಳು ಕೇಳುತ್ತಾಳೆ. ಈ ಪ್ರಶ್ನೆಯು ಉಪೇಕ್ಷಿಸತಕ್ಕುದಲ್ಲ.

ಮೊದಲು ಪ್ರಮಾಣಗಳನ್ನು ನೋಡೋಣ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಮುಗ್ಧ ಭಕ್ತನಾಗಿ ಕಾಣಿಸಿಕೊಂಡವರು 1958ರ ‘ಭೂಕೈಲಾಸ’ದಲ್ಲಿ ರಾವಣನಾದರು, ಮರುವರ್ಷವೇ ಮಹಿಷಾಸುರನಾದರು. 1968ರ ‘ಜೇಡರ ಬಲೆ’ಯಲ್ಲಿ ಗೂಢಚಾರನಾದರು. 1977ರ ‘ಬಭ್ರುವಾಹನ’ದಲ್ಲಿ ತಂದೆಯಾದ ಅರ್ಜುನನೂ ಅವರೇ, ಅವನಿಗೆ ಇದಿರಾಗಿ ನಿಂತ ಮಗನೂ ಅವರೇ. 1983ನೆಯ ಒಂದೇ ವರ್ಷದಲ್ಲಿ ಹಿರಣ್ಯಕಶಿಪುವಾಗಿಯೂ ಕಾಳಿದಾಸನಾಗಿಯೂ ಅವರನ್ನು ಕಂಡೆವು. ಇಷ್ಟನ್ನೂ ನೋಡಿದವರು ‘ಒಂದೇ ವೇಷ’ ಎನ್ನಲಾರರು.

ಆದರೂ ಮೊಮ್ಮಗಳ ಮಾತಿನಲ್ಲಿ ಒಂದಂಶ ಸತ್ಯವಿದೆ. ನಮ್ಮ ಲಾಕ್ಷಣಿಕರು ನಾಯಕರನ್ನು ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದರು. ಬಗೆಗಳು ಬೇರೆಬೇರೆಯಾದರೂ ‘ಧೀರ’ ಎಂಬ ಪದವನ್ನು ಅವರು ಎಲ್ಲಿಯೂ ಕೈಬಿಡಲಿಲ್ಲ. ರಾಜ್‌ಕುಮಾರರಲ್ಲಿ ಬದಲಾಗದೆ ಉಳಿದುದು ಆ ಧೀರಾಂಶವೇ ಎಂದು ನನಗೆ ತೋರುತ್ತದೆ. ಅವರ ರಾವಣನು ಉದ್ಧತನೇ ಹೊರತು ಕ್ಷುದ್ರನಲ್ಲ. ತಾಯಿಗಾಗಿ ಆತ್ಮಲಿಂಗವನ್ನು ಬಯಸಿ ಹೊರಟ ಮಗನು ಅವನಲ್ಲಿ ಕಾಣುತ್ತಾನೆ.

ಸಾಮಾಜಿಕ ಚಿತ್ರಗಳಿಗೆ ಬಂದರೆ ಸಾಮ್ಯವು ಇನ್ನೂ ಹೆಚ್ಚು. 1971ರ ‘ಕಸ್ತೂರಿ ನಿವಾಸ’, 1972ರ ‘ಬಂಗಾರದ ಮನುಷ್ಯ’ ಎರಡರಲ್ಲಿಯೂ ನಾಯಕನು ತ್ಯಾಗಿಯೇ. ಆದರೆ ಮೊದಲನೆಯವನು ಸಿರಿ ಹೋದ ಮೇಲೂ ಕೊಡುವ ಕೈಯನ್ನು ಹಿಂದೆಗೆಯಲಾರನು. ಎರಡನೆಯವನು ತಾನು ಬೆಳೆಸಿದ ಮನೆಯವರೇ ಸಂದೇಹಪಟ್ಟಾಗ ಎಲ್ಲವನ್ನೂ ಬಿಟ್ಟು ಹೊರಟುಹೋಗುತ್ತಾನೆ. ಒಬ್ಬನ ತ್ಯಾಗದಲ್ಲಿ ಅಭಿಮಾನವಿದೆ, ಇನ್ನೊಬ್ಬನ ತ್ಯಾಗದಲ್ಲಿ ನೋವಿದೆ. ಈ ಅಂತರವನ್ನು ಕಾಣಿಸುವುದೇ ನಟನೆ.

ಇನ್ನು ಆ ಚೌಕಟ್ಟನ್ನು ಹಾಕಿದವರು ಯಾರು? ಪ್ರೇಕ್ಷಕರಾದ ನಾವೂ ಹೌದು. ಸಾಮಾಜಿಕ ಚಿತ್ರದಲ್ಲಿ ಅವರು ನೀಚನಾಗಿ ಬಂದಿದ್ದರೆ ನಮ್ಮಲ್ಲಿ ಎಷ್ಟು ಜನ ಸಹಿಸುತ್ತಿದ್ದೆವು?

ಈ ಬಂಧನದ ರುಚಿಯು ನನಗೂ ಸ್ವಲ್ಪ ತಿಳಿದಿದೆ. ಮೂವತ್ತು ವರ್ಷಕ್ಕೆ ಮಿಕ್ಕಿ ಉಪಾಧ್ಯಾಯನಾಗಿದ್ದವನು ನಾನು. ಇಂದಿಗೂ ಸಂತೆಯಲ್ಲಿ ಹಳೆಯ ಶಿಷ್ಯನೊಬ್ಬನು ಎದುರಾದರೆ ಕೈಯಲ್ಲಿರುವ ಬೀಡಿಯನ್ನು ಥಟ್ಟನೆ ಬೆನ್ನ ಹಿಂದೆ ಮರೆಸುತ್ತಾನೆ. ಅವನ ತಲೆಯೂ ನರೆತಿದೆ. ಆಗ ನಾನು ಮಂಡಿನೋವಿನ ಮುದುಕನಾಗಿರಲು ಅವಕಾಶವಿಲ್ಲ. ಬೆನ್ನನ್ನು ನೆಟ್ಟಗೆ ಮಾಡಿ ಪುನಃ ಮೇಷ್ಟರಾಗಬೇಕು. ಬೇಸರವಾಗುವುದಿಲ್ಲವೇ ಎಂದರೆ, ಕೆಲವು ದಿನ ಆಗುತ್ತದೆ. ಆದರೆ ಅವನು ಬೀಡಿಯನ್ನು ಮರೆಸದೆ ಹೋದ ದಿನ ನನ್ನಿಂದ ಏನೋ ಕಳೆದುಹೋಗುವುದೆಂಬುದನ್ನೂ ಬಲ್ಲೆ.

ಇಷ್ಟನ್ನು ಮೊಮ್ಮಗಳಿಗೆ ಹೇಳಿದೆ. ಅವಳು ಒಪ್ಪಲಿಲ್ಲ, ‘ಭೂಕೈಲಾಸ’ವನ್ನು ನೋಡಿ ಆಮೇಲೆ ವಾದಿಸುವೆನೆಂದಳು. ವಾದಕ್ಕೆ ಅದು ಯೋಗ್ಯವಾದ ಆರಂಭವೆಂದು ನಾನು ಸುಮ್ಮನಾದೆನು.